ಬಿಸಿಲಿಗೆ ಕರಗದ ಬಣ್ಣ

ಹಳಗನ್ನಡದ ಪಾಠ ಹೇಳಿ ಹೊಟ್ಟೆ ಹೊರೆಯುವ ಮನುಷ್ಯನು ಅಡಿಗೆಮನೆಯ ಮಾತಿಗೆ ಕೈಹಾಕಿದನೆಂದರೆ ಓದುಗರು ಹುಬ್ಬೇರಿಸುವುದು ಸಹಜವೇ. ಆದರೆ ನನ್ನ ಬೆನ್ನಿಗೆ ಹಿರಿಯರಿದ್ದಾರೆ. 1025ರ ಸುಮಾರಿಗೆ ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದಾಗ ಜ್ಯೋತಿಷ, ವಾಸ್ತು, ವೈದ್ಯಗಳ ಪಂಕ್ತಿಯಲ್ಲಿಯೇ ಪಾಕಕ್ಕೂ ಎಲೆ ಹಾಕಿ ಕೂರಿಸಿದನು. ಹದಿನಾರನೆಯ ಶತಮಾನದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ಹಾಡಿದನು. ಕವಿಗಳು ಒಲೆಯ ಮುಂದೆ ಕೂಡಲು ನಾಚದಿರುವಾಗ ಅವರ ಗ್ರಂಥಗಳ ಧೂಳು ಕೊಡಹುವ ಅಧ್ಯಾಪಕನೇಕೆ ನಾಚಬೇಕು?

ಆದರೆ ಈ ವಾರ ನಾನು ಹೇಳಹೊರಟ ತಿನಿಸು ಆ ಇಬ್ಬರ ಕಣ್ಣಿಗೂ ಬಿದ್ದುದಲ್ಲ. ಗಾಜಿನ ಬೋಗುಣಿಯೊಂದರಲ್ಲಿ ಕೆಂಪು, ಅದರ ಮೇಲೆ ಬಿಳಿ, ಅದರ ಮೇಲೆ ಹಳದಿ, ಮತ್ತೆ ಬಿಳಿ, ಮತ್ತೆ ನೀಲಿ—ಹೀಗೆ ಪದರ ಪದರವಾಗಿ ನಿಂತು, ಮೇಜು ಅಲುಗಿದರೆ ಮದುವಣಗಿತ್ತಿಯಂತೆ ನಡುಗುವ ಜೆಲ್ಲಿ. ಈಗ ನಮ್ಮ ಬೈಲಹೊಂಗಲದಂಥ ಊರಿನಲ್ಲಿಯೂ ಮಕ್ಕಳ ಹುಟ್ಟುಹಬ್ಬ ಬಂದಿತೆಂದರೆ ಇದಕ್ಕೆ ಕರೆ ಹೋಗುತ್ತದೆ. ನಡುಗುವ ತಿನಿಸು ನಮಗೆ ಹೊಸದೇನಲ್ಲ. ಈದ ಎಮ್ಮೆಯ ಮೊದಲ ಹಾಲಿನ ಗಿಣ್ಣವನ್ನು ಯಾರು ತಿಂದಿಲ್ಲ? ಆದರೆ ಗಿಣ್ಣಕ್ಕೆ ಒಂದೇ ಬಣ್ಣ. ಮಕ್ಕಳಿಗೆ ಕಾಮನಬಿಲ್ಲು ಬೇಕು.

ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ. ಮೇ ತಿಂಗಳ ಕೊನೆಯಲ್ಲಿ, ಶಾಲೆಗಳು ತೆರೆಯುವ ಮುನ್ನಿನ ಒಂದು ರವಿವಾರ, ಮಕ್ಕಳೆಲ್ಲ ಬೈಲಹೊಂಗಲದ ಹಳೆಯ ಮನೆಯಲ್ಲಿ ಕೂಡಬೇಕು. ಕಿತ್ತೂರಿನಿಂದ ಅಕ್ಕ, ಸವದತ್ತಿಯಿಂದ ತಂಗಿ, ರಾಮದುರ್ಗದಿಂದ ಕಾಕು, ಇವರ ಹಿಂದೆ ಒಂದು ಡಜನ್ ಹುಡುಗರು. ಮುಂಜಾನೆಯ ತಂಪಿನಲ್ಲಿ ಅವರನ್ನು ರಾಣಿ ಚೆನ್ನಮ್ಮನ ಸಮಾಧಿಗೆ ಕರೆದೊಯ್ದು, 1829ರಲ್ಲಿ ಆಕೆ ಇದೇ ಊರಿನ ಸೆರೆಯಲ್ಲಿ ತೀರಿಕೊಂಡ ಕಥೆಯನ್ನು ಹೇಳುವುದು ನನ್ನ ಪಾಲಿನ ಕೆಲಸ. ಕಿತ್ತೂರಿನ ಹುಡುಗರು ಪ್ರತಿವರ್ಷವೂ ನನ್ನನ್ನು ನಡುವೆ ತಡೆದು ತಿದ್ದುತ್ತಾರೆ. ಸಂಜೆ ಐದಕ್ಕೆ ಔತಣ. ಈ ಸಂಸಾರದ ಹಿರಿತಲೆ ನನ್ನ ಸೋದರತ್ತೆ, ಎಪ್ಪತ್ತೈದನ್ನು ದಾಟಿದವಳು. ಕೊರಳಲ್ಲಿ ಲಿಂಗ, ಮಾತಿನಲ್ಲಿ ಖಾರ. ಮಕ್ಕಳು ಏನೇ ತಿನ್ನಲಿ, ಮೊದಲ ತುತ್ತು ಅವಳದು.

ಕಳೆದ ವರ್ಷ ಔತಣದ ಸಿಹಿಯನ್ನು ನಾನೇ ಮಾಡುವೆನೆಂದು ಹೇಳಿ ಎಲ್ಲರನ್ನೂ ಚಕಿತಗೊಳಿಸಿದೆ. ಪಟ್ಟಣದ ಒಂದು ದೊಡ್ಡ ಅಂಗಡಿಯಿಂದ ಪರದೇಶದ ಜೆಲ್ಲಿಯ ನಾಲ್ಕು ಪೊಟ್ಟಣಗಳನ್ನು ತಂದೆ. ಬಿಸಿನೀರಿಗೆ ಪುಡಿಯನ್ನು ಸುರುವುವುದು, ಕಲಕುವುದು, ಶೀತಪೆಟ್ಟಿಗೆಯಲ್ಲಿಡುವುದು. ಒಂದು ಬಣ್ಣ ಗಟ್ಟಿಯಾದ ಮೇಲೆ ಇನ್ನೊಂದನ್ನು ತಣಿಸಿ ಅದರ ಮೇಲೆ ಹೊಯ್ಯುವುದು. ಇದಿಷ್ಟೇ ವಿದ್ಯೆ. ಮಧ್ಯರಾತ್ರಿಯವರೆಗೆ ಎಚ್ಚರವಿದ್ದು ನಾಲ್ಕು ಪದರಗಳನ್ನು ನಿಲ್ಲಿಸಿದೆ. ಪಂಪನನ್ನು ಪಾಠ ಹೇಳಿದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಮರುದಿನ ಬೆಳಗಿನ ಒಂಬತ್ತಕ್ಕೆ ವಿದ್ಯುತ್ತು ಹೋಯಿತು. ಮಧ್ಯಾಹ್ನವಾದರೂ ಬರಲಿಲ್ಲ. ಹುಡುಗರು ಗಳಿಗೆಗೊಮ್ಮೆ ಶೀತಪೆಟ್ಟಿಗೆಯ ಬಾಗಿಲು ತೆರೆದು ಬಣ್ಣಗಳ ದರ್ಶನ ಪಡೆಯುತ್ತಿದ್ದರು. ಹೊರಗೆ ನೆತ್ತಿ ಬಿರಿಯುವ ಬಿಸಿಲು. ನನಗೆ ಆತಂಕವಾಗಿ, ಏನಾದರೂ ಉಪಾಯವಿದೆಯೇ ಎಂದು ಖಾಲಿ ಪೊಟ್ಟಣವನ್ನು ಎತ್ತಿಕೊಂಡು ಅದರ ಮೇಲಿನ ಸಣ್ಣಕ್ಷರಗಳನ್ನು ಮೊದಲ ಬಾರಿಗೆ ಓದಿದೆ. ಸಕ್ಕರೆ, ಬಣ್ಣ, ಹುಳಿ. ಇವುಗಳ ನಡುವೆ ‘ಜೆಲಾಟಿನ್’ ಎಂಬ ಮಾತು. ಅದು ಪ್ರಾಣಿಜನ್ಯವೆಂಬ ಇನ್ನೊಂದು ಮಾತು.

ಓದುಗರೇ, ಆ ಕ್ಷಣದಲ್ಲಿ ನಾನು ಏನು ಮಾಡಬೇಕಾಗಿತ್ತೆಂಬುದು ನಿಮಗೆ ಗೊತ್ತು, ನನಗೂ ಗೊತ್ತಿತ್ತು. ಪಡಸಾಲೆಗೆ ಹೋಗಿ, “ಅತ್ತೀ, ಇದನ್ನ ನೀ ತಿನಬ್ಯಾಡ” ಎಂದು ಹೇಳಬೇಕಿತ್ತು. ನಾನು ಹೇಳಲಿಲ್ಲ. ಪೊಟ್ಟಣವನ್ನು ಮುದುಡಿ ಕಿಸೆಯಲ್ಲಿಟ್ಟುಕೊಂಡೆ. ಒಂದು ಚಮಚ ತಾನೇ, ಯಾರಿಗೆ ತಿಳಿಯುತ್ತದೆ, ಮಕ್ಕಳ ಉತ್ಸಾಹಕ್ಕೆ ಏಕೆ ತಣ್ಣೀರೆರಚಬೇಕು ಎಂದು ಮನಸ್ಸು ವಕೀಲಿಕೆ ಮಾಡಿತು. ವಿದ್ಯಾವಂತನ ಮನಸ್ಸಿಗೆ ಇಂಥ ವಕೀಲಿಕೆ ಬಹು ಸುಲಭ.

ನಾಲ್ಕು ಗಂಟೆಗೆ, ಎಲ್ಲರೂ ನೋಡಲೆಂದು ಬೋಗುಣಿಯನ್ನು ಪಡಸಾಲೆಯ ಮೇಜಿನ ಮೇಲೆ ತಂದಿಟ್ಟೆ. ಕಾಲು ಗಂಟೆಯಲ್ಲಿ ಅಂಚುಗಳು ಜಾರತೊಡಗಿದವು. ಹಸಿರು ಹಳದಿಯೊಳಗೆ ಇಳಿಯಿತು, ಹಳದಿ ಕೆಂಪಿನೊಳಗೆ ಇಳಿಯಿತು. ಐದು ಗಂಟೆಗೆ ಬೋಗುಣಿಯ ತುಂಬ ಕೆಸರು ಬಣ್ಣದ ನೀರು. ಅತ್ತೆ ಬಗ್ಗಿ ನೋಡಿದಳು. “ಏನಪಾ ಇದು? ಹೋಳಿ ಹುಣ್ಣಿಮಿ ಓಕಳಿ ಈಗ ಮಾಡಿಟ್ಟೀಯೇನ?” ಎಂದಳು. ಮನೆ ಎಲ್ಲ ನಕ್ಕಿತು. ನಾನೂ ನಕ್ಕೆ. ಬೋಗುಣಿಯನ್ನು ಹಿತ್ತಲಿಗೆ ಸುರುವಿ, ಮಕ್ಕಳಿಗೆ ಮಾವಿನ ಹಣ್ಣು ಕೊಯ್ದು ಕೊಟ್ಟೆವು. ಬಿಸಿಲು ನನ್ನ ಮಾನವನ್ನು ಉಳಿಸಿತ್ತು. ಆದರೆ ಕಿಸೆಯಲ್ಲಿದ್ದ ಆ ಪೊಟ್ಟಣ ಬಹುದಿನ ಚುಚ್ಚುತ್ತಲೇ ಇತ್ತು.

ಕರಗಿದ್ದೇಕೆ ಎಂಬ ಪ್ರಶ್ನೆ ಮಾತ್ರ ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿತು. ಜೆಲಾಟಿನ್ ಎಂದರೆ ದನ, ಹಂದಿ ಮುಂತಾದ ಪ್ರಾಣಿಗಳ ತೊಗಲು ಎಲುಬುಗಳನ್ನು ಸಂಸ್ಕರಿಸಿ ಬೇಯಿಸಿ ತೆಗೆದ ಪ್ರೋಟೀನು. ಯುರೋಪಿನ ಸಿರಿವಂತರ ಮನೆಗಳಲ್ಲಿ ಕರುವಿನ ಕಾಲುಗಳನ್ನು ದಿನವಿಡೀ ಕುದಿಸಿ, ಸೋಸಿ, ತಿಳಿಮಾಡಿ ಜೆಲ್ಲಿಯನ್ನು ಕಟ್ಟುತ್ತಿದ್ದರು. ಆಳುಕಾಳುಗಳಿದ್ದವರಿಗೆ ಮಾತ್ರ ಸಾಧ್ಯವಾದ ವೈಭವವದು. 1845ರಲ್ಲಿ ನ್ಯೂಯಾರ್ಕಿನ ಪೀಟರ್ ಕೂಪರ್ ಅದನ್ನು ಪುಡಿಯಾಗಿಸಿ ಪೇಟೆಂಟು ಪಡೆದನು. 1897ರಲ್ಲಿ ಅದೇ ರಾಜ್ಯದ ಲೀರಾಯ್ ಎಂಬ ಊರಿನಲ್ಲಿ, ಕೆಮ್ಮಿನ ಔಷಧವನ್ನು ತಯಾರಿಸುತ್ತಿದ್ದ ಪರ್ಲ್ ವೇಟ್ ಎಂಬವನು ಅದಕ್ಕೆ ಸಕ್ಕರೆ, ಬಣ್ಣ, ಹಣ್ಣಿನ ರುಚಿಗಳನ್ನು ಕೂಡಿಸಿದನು. ಅವನ ಹೆಂಡತಿ ಮೇ ಅದಕ್ಕೆ ‘ಜೆಲ್-ಓ’ ಎಂದು ಹೆಸರಿಟ್ಟಳು. ಎರಡು ವರ್ಷಗಳಲ್ಲಿ ಅವನು ಆ ಹಕ್ಕನ್ನು 450 ಡಾಲರಿಗೆ ಮಾರಿಬಿಟ್ಟನು. ಕೊಂಡವನು ಸಿರಿವಂತನಾದನು.

ಈ ವಸ್ತುವಿನ ಸ್ವಭಾವ ತಂಪಿಗೆ ಒಗ್ಗಿದ್ದು. ಅದು ಗಟ್ಟಿಯಾಗಬೇಕಾದರೆ ಚೆನ್ನಾಗಿ ತಣ್ಣಗಾಗಬೇಕು. ಮೂವತ್ತರಿಂದ ಮೂವತ್ತೈದು ಡಿಗ್ರಿ ಉಷ್ಣಕ್ಕೆ ಅದು ಮರಳಿ ನೀರಾಗುತ್ತದೆ. ಬಾಯಲ್ಲಿಟ್ಟರೆ ಕರಗುತ್ತದೆಂದು ಅದನ್ನು ಹೊಗಳುವ ಗುಟ್ಟು ಇದೇ. ಮೈಯ ಕಾವಿಗೆ ಕರಗುವ ಪದಾರ್ಥವು ಮೇ ತಿಂಗಳಲ್ಲಿ ನಮ್ಮ ಪಡಸಾಲೆಯ ಕಾವಿಗೆ ಕರಗದೇ ಇರುತ್ತದೆಯೇ? ಇನ್ನೊಂದು ವಿಚಿತ್ರವಿದೆ. ಅನಾನಸು, ಪಪ್ಪಾಯಿ, ಅಂಜೂರಗಳನ್ನು ಹಸಿಯಾಗಿಯೇ ಅದರಲ್ಲಿ ಹಾಕಿದರೆ ಅದು ಶೀತಪೆಟ್ಟಿಗೆಯಲ್ಲಿಯೂ ಗಟ್ಟಿಯಾಗಲೊಲ್ಲದು. ಆ ಹಣ್ಣುಗಳಲ್ಲಿ ಪ್ರೋಟೀನನ್ನು ಕತ್ತರಿಸುವ ಗುಣವಿದೆ. ಅಂತೂ ನಮ್ಮ ಬಿಸಿಲಿಗೂ ಸಲ್ಲದು, ನಮ್ಮ ಹಣ್ಣಿಗೂ ಸಲ್ಲದು.

ಅತ್ತೆಗೆ ನಿಜವನ್ನು ಹೇಳಿದ್ದು ದೀಪಾವಳಿಯಲ್ಲಿ. ಐದು ತಿಂಗಳು ತಡ. ಪಣತಿಗೆ ಬತ್ತಿ ಹೊಸೆಯುತ್ತ ಕೂತಿದ್ದಳು. ನಾನು ಸುತ್ತಿ ಬಳಸಿ, ರಸಾಯನಶಾಸ್ತ್ರದಿಂದ ಆರಂಭಿಸಿ, ಕೊನೆಗೆ ಪೊಟ್ಟಣಕ್ಕೆ ಬಂದೆ. ಅವಳ ಕೈ ನಿಲ್ಲಲಿಲ್ಲ.

“ಗುಳಿಗಿ ಮ್ಯಾಲಿನ ಸಿಪ್ಪಿನೂ ಅದರದ ಇರತೈತಂತ. ಡಾಕ್ಟರ ಹೇಳ್ಯಾರ” ಎಂದಳು. “ಕೇಳೇ ತಗೊಂಡೀನಿ. ಜಡ್ಡಿಗೆ ಮದ್ದು. ಅದು ನನಗ ಗೊತ್ತಿದ್ದು ತಗೊಂಡದ್ದು.”

ನಾನು ಸುಮ್ಮನಿದ್ದೆ.

“ತಿನ್ನೂದು ಬಿಡೂದು ನನ್ನ ವಿಚಾರ. ಹೇಳೂದು ನಿನ್ನ ಕೆಲಸ” ಎಂದು ಇನ್ನೊಂದು ಬತ್ತಿಯನ್ನು ಹೊಸೆದಳು. “ಅವತ್ತ ಹೇಳಿದ್ದರ ನಗತಿದ್ದೆ. ಈಗ ನಗು ಬರವಲ್ದು.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಅಂದೇ ಕಿತ್ತೂರಿನ ಅಕ್ಕನೊಡನೆ ಒಪ್ಪಂದವಾಯಿತು: ಮುಂದಿನ ಬೇಸಿಗೆಯಲ್ಲಿ ಅದೇ ಬಣ್ಣದ ತಿನಿಸನ್ನು ಮಾಡಬೇಕು; ಅದು ಬಿಸಿಲಿಗೆ ಕರಗಬಾರದು; ಅದರಲ್ಲಿ ಏನಿದೆಯೆಂದು ಮನೆಯ ಸಣ್ಣ ಮಗುವೂ ಹೇಳಲು ಬರಬೇಕು. “ಅದಕ್ಕೇನು ಮಹಾ! ಚೈನಾ ಗ್ರಾಸ್ ಐತೆಲ್ಲ” ಎಂದಳು ಅಕ್ಕ. ಕಿರಾಣಿ ಅಂಗಡಿಯಲ್ಲಿ ಬಿಳಿಯ ಒಣ ಪಟ್ಟಿಗಳಾಗಿಯೋ ನೂಲಿನಂತೆಯೋ ಸಿಗುವ ಆ ಪದಾರ್ಥ ನಿಮಗೂ ಗೊತ್ತಿರಬಹುದು. ಹೆಸರು ಚೀನದ ಹುಲ್ಲು; ಆದರೆ ಅದು ಹುಲ್ಲೂ ಅಲ್ಲ, ನಮ್ಮಲ್ಲಿಗೆ ಚೀನದಿಂದಲೇ ಬರಬೇಕೆಂದೂ ಇಲ್ಲ. ಕಡಲಿನ ಕೆಂಪು ಜಾತಿಯ ಪಾಚಿಗಳನ್ನು ಕುದಿಸಿ ತೆಗೆದ ಅಂಟು ಅದು. ಶಾಸ್ತ್ರದ ಹೆಸರು ಅಗರ್. ಮಲಯ ಭಾಷೆಯ ಅಗರ್-ಅಗರ್ ಎಂಬ ಮಾತಿನಿಂದ ಬಂದದ್ದು. ನಮ್ಮ ಕಾವ್ಯಗಳಲ್ಲಿ ಧೂಪವಾಗಿ ಹೊಗೆಯಾಡುವ ಅಗರು ಬೇರೆ, ಇದು ಬೇರೆ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಇವೆರಡನ್ನು ಕೂಡಿಸಬಾರದಾಗಿ ವಿನಂತಿ.

ಜಪಾನಿನಲ್ಲಿ ಇದಕ್ಕೊಂದು ಹುಟ್ಟುಕಥೆಯಿದೆ. 1658ರ ಸುಮಾರಿನ ಒಂದು ಚಳಿಗಾಲದ ರಾತ್ರಿ ಮಿನೊ ತಾರೋಜಾಯೆಮೋನ್ ಎಂಬ ಛತ್ರದವನು, ಅತಿಥಿಗಳು ಉಂಡು ಮಿಕ್ಕ ಪಾಚಿಯ ತಿನಿಸನ್ನು ಹೊರಗೆಸೆದನಂತೆ. ಅದು ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ ನೀರು ಬಸಿದು, ದಿನಗಳು ಕಳೆದ ಮೇಲೆ ಒಣಗಿದ ಹಗುರ ತುಣುಕುಗಳಾಗಿ ಉಳಿಯಿತು. ಅವನ್ನು ನೀರಿನಲ್ಲಿ ಕುದಿಸಿದರೆ ಮತ್ತೆ ಗಟ್ಟಿಯಾಯಿತು. ಜಪಾನಿಗಳು ಅದನ್ನು ಕಾಂತೆನ್ ಎನ್ನುತ್ತಾರೆ. ತಣ್ಣನೆಯ ಆಕಾಶವೆಂದು ಅದರ ಅರ್ಥ. ಆದರೆ ಅದರ ಹಿರಿಮೆ ಬಿಸಿಲಿನಲ್ಲಿಯೇ ಕಾಣುವುದು. ಅಗರ್ ಮೂವತ್ತೆರಡರಿಂದ ನಲವತ್ತು ಡಿಗ್ರಿಗಳೊಳಗೆ ಗಟ್ಟಿಯಾಗುತ್ತದೆ. ಒಮ್ಮೆ ಗಟ್ಟಿಯಾಯಿತೆಂದರೆ ಸುಮಾರು ಎಂಬತ್ತೈದು ಡಿಗ್ರಿಯವರೆಗೆ ಕರಗುವ ಮಾತೇ ಇಲ್ಲ. ಬೈಲಹೊಂಗಲದ ಬಿಸಿಲು ಎಷ್ಟೇ ಸಿಟ್ಟಾಗಲಿ, ಅಷ್ಟು ಎತ್ತರಕ್ಕೆ ಏರಲಾರದು.

ನಮ್ಮ ಓಕಳಿಯ ಪ್ರಸಂಗವೇ ಜರ್ಮನಿಯ ಪ್ರಯೋಗಶಾಲೆಯೊಂದರಲ್ಲಿ ನಡೆದಿತ್ತೆಂದು ತಿಳಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದು ಹೇಳಲಾರೆ. 1881ರಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯನು ಬರ್ಲಿನ್ನಿನಲ್ಲಿ ರಾಬರ್ಟ್ ಕಾಕ್ ಎಂಬ ಮಹಾವಿಜ್ಞಾನಿಯ ಬಳಿಯಲ್ಲಿ ಗಾಳಿಯೊಳಗಿನ ಸೂಕ್ಷ್ಮಜೀವಿಗಳನ್ನು ಕುರಿತು ಅಭ್ಯಾಸ ಮಾಡುತ್ತಿದ್ದನು. ಜೀವಿಗಳನ್ನು ಬೆಳೆಸಲು ಅವರು ಉಪಯೋಗಿಸುತ್ತಿದ್ದದ್ದು ಜೆಲಾಟಿನ್. ಬೇಸಿಗೆ ಬಂದೊಡನೆ ಅದು ಕರಗಿ, ಬೆಳೆದದ್ದೆಲ್ಲ ಒಂದರೊಳಗೊಂದು ಹರಿದುಹೋಗುತ್ತಿತ್ತು. ಸಾಲದ್ದಕ್ಕೆ ಕೆಲವು ಜೀವಿಗಳು ಜೆಲಾಟಿನ್ನನ್ನೇ ಜೀರ್ಣಿಸಿ ನೀರು ಮಾಡುತ್ತಿದ್ದವು. ಹೆಸ್ಸೆಗೆ ಒಂದು ಸಂಶಯ ಹುಟ್ಟಿತು: ‘ಬೇಸಿಗೆಯಲ್ಲಿ ನನ್ನ ಜೆಲಾಟಿನ್ ಕರಗುತ್ತದೆ, ನನ್ನ ಹೆಂಡತಿಯ ಜೆಲ್ಲಿ ಏಕೆ ಕರಗುವುದಿಲ್ಲ?’

ಹೆಂಡತಿ ಫ್ಯಾನಿ ಹೆಸ್ಸೆ ನ್ಯೂಯಾರ್ಕಿನಲ್ಲಿ 1850ರಲ್ಲಿ ಹುಟ್ಟಿದವಳು. ಜಾವಾದಲ್ಲಿ ಇದ್ದುಬಂದ ಡಚ್ಚರ ನೆರೆಯಿಂದ ಅವಳಿಗೆ ಅಗರಿನ ಗುಟ್ಟು ಬಂದಿತ್ತು. ಅವಳು ಕೇವಲ ಅಡಿಗೆಯವಳಲ್ಲ; ಗಂಡನ ಲೇಖನಗಳಿಗೆ ಸೂಕ್ಷ್ಮಜೀವಿಗಳ ಚಿತ್ರಗಳನ್ನು ಬಿಡಿಸುತ್ತಿದ್ದವಳು, ಪ್ರಯೋಗಶಾಲೆಯ ಕೆಲಸದಲ್ಲಿ ನೆರವಾಗುತ್ತಿದ್ದವಳು. ಅಗರನ್ನು ಹಾಕಿ ನೋಡಿರೆಂದಳು. ಹಾಕಿದರು, ನಿಂತಿತು. ಕಾಕ್ 1882ರಲ್ಲಿ ಕ್ಷಯರೋಗದ ಜೀವಿಯನ್ನು ಕುರಿತ ತನ್ನ ಪ್ರಸಿದ್ಧ ಲೇಖನದಲ್ಲಿ ಅಗರಿನ ಹೆಸರನ್ನು ಹೇಳಿದನು. ಫ್ಯಾನಿಯ ಹೆಸರನ್ನು ಹೇಳಲಿಲ್ಲ. ಇಂದಿಗೂ ಆಸ್ಪತ್ರೆಗಳಲ್ಲಿ ಗಂಟಲಿನ, ಗಾಯದ ಮಾದರಿಯನ್ನು ತೆಗೆದು ಜೀವಿಗಳನ್ನು ಬೆಳೆಸಿ ನೋಡುವ ಗಾಜಿನ ತಟ್ಟೆಗಳಲ್ಲಿರುವುದು ಅದೇ ಅಗರ್. ಕೋಟ್ಯಂತರ ಜನರ ರೋಗವನ್ನು ಗುರುತಿಸಿದ ಉಪಾಯ ಒಂದು ಅಡಿಗೆಮನೆಯಿಂದ ಹೊರಟದ್ದು. ಆದರೆ ಅವಳಿಗೆ ಅದರಿಂದ ಹಣವೂ ಬರಲಿಲ್ಲ, ಬದುಕಿರುವಾಗ ಹೆಸರೂ ಬರಲಿಲ್ಲ. ಹೇಳಬೇಕಾದ ಮಾತನ್ನು ಹೇಳದೆ ಕಿಸೆಯಲ್ಲಿಟ್ಟುಕೊಂಡವರು ದೊಡ್ಡವರಲ್ಲಿಯೂ ಇದ್ದಾರೆ.

ನಮ್ಮ ದೇಶದ ಅಗರಿನ ಕಥೆಯಲ್ಲಿಯೂ ಹೆಂಗಸರೇ ಮುಂದೆ. ತಮಿಳುನಾಡಿನ ರಾಮನಾಥಪುರ ಜಿಲ್ಲೆಯ ಕರಾವಳಿಯಲ್ಲಿ, ಮನ್ನಾರ್ ಕೊಲ್ಲಿಯ ಬಂಡೆಗಳ ನಡುವೆ, ಬೆಸ್ತರ ಹೆಂಗಸರು ಕಣ್ಣಿಗೆ ಕನ್ನಡಕ ಕಟ್ಟಿ, ಬೆರಳುಗಳಿಗೆ ಬಟ್ಟೆಯ ಪಟ್ಟಿ ಸುತ್ತಿಕೊಂಡು, ಉಸಿರು ಹಿಡಿದು ಮುಳುಗಿ, ಈ ಪಾಚಿಯನ್ನು ಕೈಯಿಂದ ಕಿತ್ತು ತರುತ್ತಾರೆ. ಬಂಡೆಯ ಅಲಗಿಗೆ ಬೆರಳು ಕೊಯ್ಯುವುದು ಅವರಿಗೆ ನಿತ್ಯದ ಮಾತು. ಈ ಸಂಗತಿಯನ್ನು ಓದಿದ ಮೇಲೆ ಹತ್ತು ಗ್ರಾಂ ಚೈನಾ ಗ್ರಾಸಿನ ಪೊಟ್ಟಣವನ್ನು ಹಗುರವಾಗಿ ಎತ್ತಲು ನನಗೆ ಮನಸ್ಸು ಬರುತ್ತಿಲ್ಲ.

ಇನ್ನು ಮಾಡುವ ಕ್ರಮ. ಗೃಹಿಣಿಯರು ಇಲ್ಲಿಂದ ಓದಿದರೂ ನಡೆದೀತು.

ಅಕ್ಕ ಏಪ್ರಿಲ್ ತಿಂಗಳಲ್ಲಿಯೇ ಒಮ್ಮೆ ಪರೀಕ್ಷೆ ಮಾಡಿ ನೋಡಿದಳು, ಕೆಟ್ಟಿತು. ಕೆಳಗಿನ ಪದರವನ್ನು ಹೊಯ್ದು ರಾತ್ರಿಯಿಡೀ ಶೀತಪೆಟ್ಟಿಗೆಯಲ್ಲಿಟ್ಟು, ಮರುದಿನ ಅದರ ಮೇಲೆ ಎರಡನೆಯದನ್ನು ತಣಿಸಿ ಹೊಯ್ದಿದ್ದಳು, ನಾನು ಜೆಲಾಟಿನ್ನಿಗೆ ಮಾಡಿದ ಹಾಗೆಯೇ. ಬೋಗುಣಿಯನ್ನು ಬೋರಲು ಹಾಕಿದಾಗ ಪದರಗಳು ಮಾಳಿಗೆಯ ಹಂಚು ಜಾರಿದಂತೆ ಒಂದರ ಮೇಲಿಂದೊಂದು ಜಾರಿದವು. ಆಗ ತಿಳಿಯಿತು, ಇದರ ಧರ್ಮವೇ ತಿರುವುಮುರುವು ಎಂದು. ಜೆಲಾಟಿನ್ನಿನ ಮೇಲೆ ಬಿಸಿಯಾದದ್ದನ್ನು ಹೊಯ್ದರೆ ಕೆಳಗಿನದು ಕರಗುತ್ತದೆ, ಆದುದರಿಂದ ತಣ್ಣಗೆ ಹೊಯ್ಯಬೇಕು. ಅಗರಿನ ಮೇಲೆ ತಣ್ಣಗೆ ಹೊಯ್ದರೆ ಹತ್ತಿಕೊಳ್ಳುವುದೇ ಇಲ್ಲ. ಬಿಸಿಯಾಗಿಯೇ ಹೊಯ್ಯಬೇಕು, ಅದೂ ಕೆಳಗಿನದು ಪೂರ್ತಿ ಆರುವ ಮುನ್ನ.

ಪದರ ಐದು, ಒಂದೊಂದಕ್ಕೆ ಒಂದು ಲೋಟ. ಒಟ್ಟು ಒಂದು ಲೀಟರು. ಇದಕ್ಕೆ ಚೈನಾ ಗ್ರಾಸ್ 10 ಗ್ರಾಂ. ಅದನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಎರಡು ಲೋಟ, ಎಂದರೆ 400 ಮಿಲಿಲೀಟರು, ನೀರಿನಲ್ಲಿ ಅರ್ಧ ಗಂಟೆ ನೆನೆಯಿಡಬೇಕು. ಆಮೇಲೆ ಸಣ್ಣ ಉರಿಯಲ್ಲಿ, ತಿರುವುತ್ತ, ಒಂದು ಎಳೆಯೂ ಕಾಣದಂತೆ ಕರಗುವವರೆಗೆ ಕುದಿಸಿ ಸೋಸಬೇಕು. ಆವಿಯಾಗಿ ಹೋಗುವುದಕ್ಕಾಗಿ ಒಂದೆರಡು ಚಮಚ ನೀರು ಹೆಚ್ಚಿಗಿರಲಿ. ಸೋಸಿದ ಪಾತ್ರೆಯನ್ನು ಬಿಸಿನೀರಿನ ಇನ್ನೊಂದು ಪಾತ್ರೆಯಲ್ಲಿ ಇಟ್ಟಿರಬೇಕು. ಇಲ್ಲವಾದರೆ ಅದು ಅಲ್ಲಿಯೇ ಗಟ್ಟಿಯಾಗಿ ಕೂಡುತ್ತದೆ. ಪ್ರತಿ ಪದರಕ್ಕೂ ಇದರಿಂದ 80 ಮಿಲಿಲೀಟರು, ಬಣ್ಣದ ರಸ 120 ಮಿಲಿಲೀಟರು. ರಸವನ್ನು ಮೊದಲು ಬೆಚ್ಚಗೆ ಮಾಡಿಕೊಂಡಿರಬೇಕು. ತಣ್ಣನೆಯ ರಸಕ್ಕೆ ಬಿಸಿ ಅಗರನ್ನು ಸುರುವಿದರೆ ಗಂಟುಗಂಟಾಗುತ್ತದೆ.

ಬಣ್ಣಗಳಿಗಾಗಿ ನಾವು ಶೀಸೆಯ ಬಳಿಗೆ ಹೋಗಲಿಲ್ಲ. ಎಲ್ಲಕ್ಕಿಂತ ಕೆಳಗೆ ಕೆಂಪು: ಪಶ್ಚಿಮದ ಕಾಡಿನ ಕಡೆಯಿಂದ ಬರುವ ಕೋಕಂ ಸಿಪ್ಪೆಯನ್ನು ನೆನೆಹಾಕಿ ಹಿಂಡಿದ ರಸ, ಸಕ್ಕರೆ. ಹುಳಿಯು ಅಗರಿನ ಬಲವನ್ನು ಕುಂದಿಸುತ್ತದೆ. ಆದ್ದರಿಂದ ಹುಳಿರಸವನ್ನು ಅಗರಿನೊಡನೆ ಕುದಿಸದೆ, ಒಲೆಯಿಂದ ಇಳಿಸಿದ ಮೇಲೆಯೇ ಕೂಡಿಸಬೇಕು, ಅಗರನ್ನು ಒಂದು ಚಮಚ ಹೆಚ್ಚಿಗೆ ಹಾಕಬೇಕು. ಎರಡನೆಯದು ಬಿಳಿ: ತೆಂಗಿನ ಹಾಲು. ಮೂರನೆಯದು ಹಳದಿ: ಕಿತ್ತೂರಿನಿಂದ ಅಕ್ಕ ತಂದ ಆಪೂಸು ಮಾವಿನ ರಸ, ದಪ್ಪವಾಗಿದ್ದುದರಿಂದ ಅರ್ಧದಷ್ಟು ನೀರು ಬೆರೆಸಿ. ನಾಲ್ಕನೆಯದು ಮತ್ತೆ ಬಿಳಿ: ಹಸುವಿನ ಹಾಲು, ಏಲಕ್ಕಿ. ಇದಕ್ಕೆ ಬೆಲ್ಲ ಹಾಕುವ ಆಸೆ ಬೇಡ, ಬಿಸಿಹಾಲು ಒಡೆದೀತು. ಬೆಲ್ಲದ ಕಂದು ಬಣ್ಣ ಬೇಕೆನ್ನುವವರು ತೆಂಗಿನ ಹಾಲಿಗೆ ಹಾಕಿಕೊಳ್ಳಲಿ. ಎಲ್ಲಕ್ಕಿಂತ ಮೇಲೆ ನೀಲಿ: ಸವದತ್ತಿಯ ತಂಗಿ ತನ್ನ ಅಂಗಳದ ಶಂಖಪುಷ್ಪವನ್ನು ನೆರಳಲ್ಲಿ ಒಣಗಿಸಿ ತಂದಿದ್ದಳು. ಹತ್ತಾರು ಹೂಗಳನ್ನು ಬಿಸಿನೀರಿಗೆ ಹಾಕಿದರೆ ಆಕಾಶವೇ ಇಳಿಯುತ್ತದೆ. ಅದಕ್ಕೆ ನಾಲ್ಕು ಹನಿ ನಿಂಬೆರಸ ಬಿದ್ದರೆ ನೇರಳೆಯಾಗುತ್ತದೆ. ಹುಡುಗರು ಈ ಚಮತ್ಕಾರವನ್ನು ಹತ್ತು ಸಾರಿ ಮಾಡಿಸಿ ನೋಡಿದರು.

ಬಣ್ಣಗಳ ನಡುವೆ ಬಿಳಿಯನ್ನು ಹಾಕಿಸಿದ್ದು ರಾಮದುರ್ಗದ ಕಾಕು. ಅವಳು ನೇಕಾರರ ಕೇರಿಯಲ್ಲಿ ಬೆಳೆದವಳು. ನಾವು ಕೆಂಪಿನ ಮೇಲೆ ಹಳದಿ, ಹಳದಿಯ ಮೇಲೆ ನೀಲಿ ಎಂದು ಮಾತಾಡಿಕೊಳ್ಳುತ್ತಿದ್ದಾಗ, “ಹಂಗ ಮಾಡಿದರ ಒಂದನ್ನೊಂದು ತಿಂತಾವ. ನಡುವ ಬಿಳಿ ಎಳಿ ಬಿಡ್ರಿ, ಎರಡೂ ಎದ್ದು ಕಾಣತಾವ” ಎಂದಳು. ಸೀರೆಯ ಅಂಚಿನ ಶಾಸ್ತ್ರ ಬೋಗುಣಿಗೂ ಸಂದಿತು.

ಹೊಯ್ಯುವಾಗ ಎರಡು ಎಚ್ಚರಿಕೆಗಳು. ನಮ್ಮ ಕಡೆ ಮೇ ತಿಂಗಳ ಕೋಣೆಯ ಕಾವಿನಲ್ಲಿ ಅಗರ್ ಗಟ್ಟಿಯಾಗಲು ಮೀನ-ಮೇಷ ಎಣಿಸುತ್ತದೆ. ಆದುದರಿಂದ ಬೋಗುಣಿಯನ್ನು ಹರವಿಯ ತಣ್ಣೀರು ತುಂಬಿದ ಪರಾತಿನಲ್ಲಿ ನಿಲ್ಲಿಸಬೇಕು. ಎರಡನೆಯದು, ಮೇಲಿನ ಪದರವನ್ನು ಹೊಯ್ಯುವ ಹೊತ್ತು. ಕೆಳಗಿನದನ್ನು ಬೆರಳ ತುದಿಯಿಂದ ಮುಟ್ಟಿದರೆ ಕೆನೆ ಕಟ್ಟಿರಬೇಕು, ಆದರೆ ಬೆರಳಿಗೆ ತುಸು ಅಂಟಬೇಕು. ಆಗ ಮುಂದಿನದನ್ನು ಬಿಸಿಯಿರುವಂತೆಯೇ, ಚಮಚದ ಬೆನ್ನ ಮೇಲೆ ಮೆಲ್ಲಗೆ ಇಳಿಬಿಡಬೇಕು. ಅವಸರ ಮಾಡಿದರೆ ಬಣ್ಣಗಳು ಕಲೆಯುತ್ತವೆ. ತಡ ಮಾಡಿದರೆ ಕೂಡುವುದಿಲ್ಲ. ಅಕ್ಕ ಇದನ್ನು ನನಗೆ ತೋರಿಸುತ್ತಿದ್ದಾಗ ನನಗೆ ದೀಪಾವಳಿಯ ಬತ್ತಿ ನೆನಪಾಯಿತು. ಮಾತಿಗೂ ಹೀಗೊಂದು ಹೊತ್ತಿರುತ್ತದೆ. ಬಿಸಿ ಆರಿದ ಮೇಲೆ ಹೇಳಿದ್ದು ಮೇಲೆ ಕೂಡುತ್ತದೆ, ಒಳಗೆ ಹತ್ತುವುದಿಲ್ಲ.

ಈ ವರ್ಷದ ರವಿವಾರವೂ ವಿದ್ಯುತ್ತು ಹೋಯಿತು. ಹೋದದ್ದು ಯಾರ ಗಮನಕ್ಕೂ ಬರಲಿಲ್ಲ. ಬೋಗುಣಿಯನ್ನು ತಟ್ಟೆಯ ಮೇಲೆ ಬೋರಲು ಹಾಕಿ ಪಡಸಾಲೆಯ ಮೇಜಿನ ನಡುವೆ ಇಟ್ಟೆವು. ನೀಲಿ ಕೆಳಗಾಗಿ ಕೆಂಪು ಮೇಲಾಗಿ, ನಡುವೆ ಎರಡು ಬಿಳಿಯ ಎಳೆಗಳು. ಒಂದು ಗಂಟೆಯಾದರೂ ಅಂಚು ಮುರಿಯಲಿಲ್ಲ. ಒಂದು ಮಾತನ್ನು ಮುಚ್ಚಿಡಬಾರದು: ಇದು ಜೆಲಾಟಿನ್ನಿನಂತೆ ಬಾಯಲ್ಲಿ ತಾನೇ ಕರಗುವುದಿಲ್ಲ, ತುಸು ಪುಡಿಪುಡಿಯಾಗಿ ಒಡೆಯುತ್ತದೆ, ಹಲ್ಲಿಗೆ ಕೆಲಸ ಕೊಡುತ್ತದೆ. ಬಿಸಿಲಿಗೆ ಕರಗದಿರುವುದಕ್ಕೆ ತೆರುವ ತೆರಿಗೆಯಿದು.

ಮೊದಲ ತುತ್ತಿಗೆ ಅತ್ತೆಯನ್ನು ಕರೆದರು. ಅವಳು ಚಮಚ ಎತ್ತಲಿಲ್ಲ. ನನ್ನನ್ನೂ ನೋಡಲಿಲ್ಲ. ತಂಗಿಯ ಮಗಳು, ಒಂಬತ್ತು ವರ್ಷದವಳು, ಅವಳ ಮಗ್ಗುಲಲ್ಲಿ ನಿಂತಿದ್ದಳು. “ಏನೇನು ಹಾಕೀರಿ, ನೀ ಹೇಳವಾ” ಎಂದಳು ಅತ್ತೆ.

ಹುಡುಗಿ ಮಗ್ಗಿ ಒಪ್ಪಿಸುವಂತೆ ಹೇಳಿದಳು: ಕಡಲಿನ ಗಿಡ, ಕೋಕಂ, ತೆಂಗಿನ ಹಾಲು, ಮಾವಿನ ಹಣ್ಣು, ಆಕಳ ಹಾಲು, ಶಂಖಪುಷ್ಪ, ಸಕ್ಕರೆ, ಏಲಕ್ಕಿ. ಕಡಲಿನ ಗಿಡವನ್ನು ನೀರೊಳಗೆ ಮುಳುಗಿ ಅಮ್ಮಂದಿರು ಕೀಳುತ್ತಾರೆಂಬುದನ್ನೂ ಸೇರಿಸಿದಳು. ಮತ್ತೇನೂ ಇಲ್ಲವೆಂದಳು.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಒಂದು ಚಮಚ ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ಮನೆ ಎಲ್ಲ ಅವಳ ಮುಖವನ್ನೇ ನೋಡುತ್ತಿತ್ತು.

“ಗಿಣ್ಣದ ಮುಂದ ಇದೇನೂ ಅಲ್ಲ” ಎಂದು ತೀರ್ಪು ಕೊಟ್ಟಳು. ನನ್ನ ಕಡೆಗೆ ತಟ್ಟೆಯನ್ನು ನೀಡಿ, “ಆ ನೀಲಿದು ಇನ್ನೊಂದೀಟು ಹಾಕು” ಎಂದಳು.

ಹಾಕಿದೆ.